ಆನ್‌ಲೈನ್ ಲಿಲಾವು: ಕಾಡುವ ಗಿರಾಕಿಯನ್ನು ನಿಭಾಯಿಸುವುದು ಹೇಗೆ?

ಬೆಂಗೇರಿಯ ಸಂತೆಯಲ್ಲಿ ಕೂತು ಮಾರುವ ಹೆಂಗಸಿಗೆ ಒಂದು ದೊಡ್ಡ ಅನುಕೂಲವಿದೆ. ಗಿರಾಕಿ ಅವಳ ಕಣ್ಣೆದುರಿಗೇ ಇರುತ್ತಾನೆ. ಸರಕನ್ನು ಮುಟ್ಟಿ ನೋಡುತ್ತಾನೆ, ಚೌಕಾಸಿ ಮಾಡುತ್ತಾನೆ, ಹಣ ಎಣಿಸಿ ಕೊಟ್ಟು ಚೀಲ ಹಿಡಿದು ಹೋಗುತ್ತಾನೆ. ವ್ಯವಹಾರ ಅಲ್ಲಿಗೇ ಮುಗಿಯಿತು. ಮೊಬೈಲಿನಲ್ಲಿ ಮಾರುವ ಸಹೋದರಿಗೆ ಈ ಅನುಕೂಲವಿಲ್ಲ. ಗಿರಾಕಿಯ ಮುಖ ಕಾಣುವುದಿಲ್ಲ, ಗಿರಾಕಿಗೆ ಸರಕು ಸಿಗುವುದು ನಾಲ್ಕು ದಿನ ಕಳೆದ ಮೇಲೆ. ಜಗಳ ಹುಟ್ಟುವುದು ಈ ನಡುವಿನ ನಾಲ್ಕು ದಿನಗಳಲ್ಲೇ.

ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಅಡುಗೆ, ಮಕ್ಕಳ ಓದು ಎಲ್ಲ ಮುಗಿಸಿ ರಾತ್ರಿ ಸೂಜಿ ಹಿಡಿಯುತ್ತಾರೆ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆ ಭೌಗೋಳಿಕ ಸೂಚ್ಯಂಕ ಪಡೆದಿರುವ ಸರಕು. ಅದನ್ನು ಮನೆಯ ಮಗ್ಗದಲ್ಲಿ ನೇಯುತ್ತ ಬಂದವರು ಮುಸ್ಲಿಂ ಮಹಿಳೆಯರೇ. ಕಸೂತಿಯ ಒಂದು ಸೀರೆಗೂ, ಒಂದು ಜಮಖಾನೆಗೂ ವಾರಗಟ್ಟಲೆ ದುಡಿಮೆ ಬೇಕು. ಇಂಥ ಒಂದೇ ಒಂದು ಸರಕಿಗೆ ನಿಗದಿತ ಬೆಲೆ ಹೇಳುವುದು ಕಷ್ಟ. ಆದ್ದರಿಂದ ಕೆಲವರು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಚಿತ್ರ ಹಾಕಿ ಬಿಡ್ ಕರೆಯುತ್ತಾರೆ. ನಮ್ಮ ಹುಬ್ಬಳ್ಳಿ ಕಡೆಯ ಮಾತಿನಲ್ಲಿ ಹೇಳುವುದಾದರೆ, ಲಿಲಾವು ಮಾಡುತ್ತಾರೆ.

ಲಿಲಾವು ಗೆದ್ದವನು ಹಣ ಕೊಡದೆ ಮಾಯವಾದರೆ? ಸರಕು ತರಿಸಿಕೊಂಡು, "ಇದು ಚಿತ್ರದಲ್ಲಿದ್ದದ್ದಲ್ಲ" ಎಂದು ಹಟ ಹಿಡಿದರೆ? ಆಗ ನಷ್ಟವಾಗುವುದು ಹಣ ಮಾತ್ರವಲ್ಲ. "ನಿನಗ್ಯಾಕೆ ಬೇಕಿತ್ತು ಈ ಉಸಾಬರಿ?" ಎಂಬ ಮಾತು ಮನೆಯಲ್ಲೇ ಕೇಳಿಬರುತ್ತದೆ. ಎಷ್ಟೋ ಸಹೋದರಿಯರು ಕೆಲಸ ಕೈಬಿಡುವುದು ಈ ಒಂದು ಮಾತಿಗೆ. ಆದ್ದರಿಂದಲೇ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಅಗತ್ಯ.

ತಾಣ ಹೋಯಿತು, ಲಿಲಾವು ಉಳಿಯಿತು

ಅಂತರ್ಜಾಲದ ಲಿಲಾವು ಹೊಸದೇನಲ್ಲ. ಅಮೆರಿಕದಲ್ಲಿ 1995ರಲ್ಲಿ ಇಬೇ ಆರಂಭವಾಯಿತು. ಭಾರತದಲ್ಲಿ 2000ದಲ್ಲಿ ಬಾಜೀ ಡಾಟ್ ಕಾಮ್ ಬಂತು. 2004ರಲ್ಲಿ ಇಬೇ ಅದನ್ನು ಕೊಂಡುಕೊಂಡಿತು. ಅಲ್ಲಿ ಪೈಸಾಪೇ ಎಂಬ ವ್ಯವಸ್ಥೆಯಿತ್ತು. ಗಿರಾಕಿ ಕೊಟ್ಟ ಹಣವನ್ನು ತಾಣ ತನ್ನಲ್ಲಿ ಇಟ್ಟುಕೊಂಡು, ಆನಂತರ ಮಾರಾಟಗಾರರಿಗೆ ತಲುಪಿಸುತ್ತಿತ್ತು. ಅಂದರೆ ಇಬ್ಬರ ನಡುವೆ ಒಬ್ಬ ಮಧ್ಯಸ್ಥನಿದ್ದ. ಆದರೂ ತಕರಾರುಗಳು ನಿಲ್ಲಲಿಲ್ಲ. ಕೊಳ್ಳುವವರ ಬಗ್ಗೆ ಮಾರಾಟಗಾರರು ಕೆಟ್ಟ ಅಭಿಪ್ರಾಯ ಬರೆಯುವ ಅವಕಾಶವನ್ನು ಇಬೇ 2008ರಲ್ಲಿ ತೆಗೆದುಹಾಕಿದಾಗ ಜಗತ್ತಿನೆಲ್ಲೆಡೆ ಸಣ್ಣ ಮಾರಾಟಗಾರರು ಅಸಮಾಧಾನಗೊಂಡರು. 2017ರಲ್ಲಿ ಫ್ಲಿಪ್‌ಕಾರ್ಟ್ ಕೈಸೇರಿದ ಇಬೇ ಇಂಡಿಯಾ 2018ರ ಆಗಸ್ಟ್‌ನಲ್ಲಿ ಮುಚ್ಚಿತು.

ಇಂದು ವಾಟ್ಸಾಪ್ ಗುಂಪಿನಲ್ಲಿ ಲಿಲಾವು ಮಾಡುವವರಿಗೆ ಅಂಥ ಮಧ್ಯಸ್ಥನೂ ಇಲ್ಲ. ಗಿರಾಕಿಯೊಂದಿಗೆ ಜಗಳವಾದರೆ ತೀರ್ಪು ಕೊಡುವವರು ಯಾರು? ನೀವು ಮೊದಲೇ ಬರೆದಿಟ್ಟ ಷರತ್ತುಗಳೇ ತೀರ್ಪು ಕೊಡಬೇಕು.

ಮೊದಲ ಕೂಗಿಗೂ ಮುಂಚೆ

ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಇಲ್ಲಿ ತಯಾರಾಗುವ ರಾಷ್ಟ್ರಧ್ವಜವನ್ನು ಹೊಲಿಯುವ ಕೈಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳವು. ಧ್ವಜಕ್ಕೆ ಒಂಬತ್ತು ಅಳತೆಗಳು ನಿಗದಿಯಾಗಿವೆ. ಉದ್ದ ಮತ್ತು ಅಗಲ 3:2ರ ಪ್ರಮಾಣದಲ್ಲಿರಬೇಕು, ಚಕ್ರಕ್ಕೆ 24 ಗೆರೆಗಳಿರಬೇಕು. ಬಟ್ಟೆ, ಬಣ್ಣ, ಹೊಲಿಗೆ ಎಲ್ಲಕ್ಕೂ ಬರಹದಲ್ಲಿ ನಿಯಮವಿದೆ. ಹೀಗಾಗಿ ಧ್ವಜ ಸರಿಯಿದೆಯೋ ಇಲ್ಲವೋ ಎಂದು ವಾದಿಸುವ ಪ್ರಮೇಯವೇ ಬರುವುದಿಲ್ಲ. ಅಳತೆಪಟ್ಟಿ ಇಟ್ಟು ನೋಡಿದರೆ ಸಾಕು. ನಿಮ್ಮ ಸರಕಿನ ವಿವರವೂ ಹಾಗೆಯೇ ಇರಲಿ. "ಚೆಂದದ ಜಮಖಾನೆ" ಎಂದು ಬರೆದರೆ ಜಗಳಕ್ಕೆ ದಾರಿ. "ಉದ್ದ 6 ಅಡಿ, ಅಗಲ 4 ಅಡಿ, ಹತ್ತಿ ನೂಲು, ಒಂದು ಮೂಲೆಯಲ್ಲಿ ಬಣ್ಣ ತುಸು ಮಾಸಿದೆ" ಎಂದು ಬರೆದರೆ ಜಗಳಕ್ಕೆ ಜಾಗವಿಲ್ಲ. ಮಾಸಿದ ಮೂಲೆಯ ಚಿತ್ರವನ್ನೂ ಹಗಲು ಬೆಳಕಿನಲ್ಲಿ ತೆಗೆದು ಹಾಕಿ.

ಇಷ್ಟನ್ನು ಲಿಲಾವಿಗೆ ಮುಂಚೆಯೇ ಬರೆದು, ಎಲ್ಲರಿಗೂ ಕಾಣುವಂತೆ ಹಾಕಿ:

1. ಲಿಲಾವು ಮುಗಿಯುವ ದಿನ ಮತ್ತು ಗಂಟೆ.
2. ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂಬ ಕನಿಷ್ಠ ಬೆಲೆ.
3. ಪ್ರತಿ ಕೂಗಿಗೂ ಎಷ್ಟು ರೂಪಾಯಿ ಏರಿಸಬೇಕು ಎಂಬುದು.
4. ಗೆದ್ದವರು ಎಷ್ಟು ಗಂಟೆಯೊಳಗೆ ಹಣ ಕೊಡಬೇಕು. ಕೊಡದಿದ್ದರೆ ಸರಕನ್ನು ಬೇರೆಯವರಿಗೆ ಮಾರುವ ಹಕ್ಕು ನಿಮ್ಮದು ಎಂಬುದು.
5. ಕಳಿಸುವ ಖರ್ಚು ಯಾರದು, ಮರಳಿ ಪಡೆಯುವುದು ಯಾವ ಸಂದರ್ಭದಲ್ಲಿ, ಎಷ್ಟು ದಿನದೊಳಗೆ ಎಂಬುದು.

ಇದು ಬರೀ ಅನುಕೂಲದ ಮಾತಲ್ಲ, ಕಾನೂನಿನ ಬಲವೂ ಇದಕ್ಕಿದೆ. 1930ರ ಸರಕು ಮಾರಾಟ ಕಾಯ್ದೆಯ 64ನೆಯ ಸೆಕ್ಷನ್ ಲಿಲಾವಿಗೇ ಮೀಸಲು. ಸುತ್ತಿಗೆ ಬಡಿದಾಗ ಅಥವಾ ವಾಡಿಕೆಯ ಬೇರೆ ರೀತಿಯಲ್ಲಿ ಮುಕ್ತಾಯ ಸಾರಿದಾಗ ಮಾರಾಟ ಪೂರ್ಣವಾಗುತ್ತದೆ. ಅಲ್ಲಿಯವರೆಗೆ ಕೂಗಿದವರು ತಮ್ಮ ಕೂಗನ್ನು ಹಿಂದೆ ಪಡೆಯಬಹುದು. ಮೊಬೈಲಿನಲ್ಲಿ ಸುತ್ತಿಗೆ ಇಲ್ಲ. ಆದ್ದರಿಂದ ಸಮಯ ಮುಗಿದ ಕೂಡಲೇ "ಲಿಲಾವು ಮುಗಿಯಿತು, ಇಷ್ಟು ರೂಪಾಯಿಗೆ ಇಂಥವರಿಗೆ" ಎಂದು ಗುಂಪಿನಲ್ಲಿ ಬರೆಯಿರಿ. ಅದೇ ನಿಮ್ಮ ಸುತ್ತಿಗೆ.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಬಗ್ಗೆ ಇದೆ ಗೊತ್ತೇ? ಅಲ್‌ಬಕರಾ ಅಧ್ಯಾಯದ 282ನೆಯ ಸೂಕ್ತವದು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದು ಅದು ಬೋಧಿಸುತ್ತದೆ. ಬರೆದಿಡುವುದು ಅಪನಂಬಿಕೆಯ ಗುರುತಲ್ಲ, ಅಪನಂಬಿಕೆ ಹುಟ್ಟದಂತೆ ಮಾಡುವ ದಾರಿ.

ಗಿರಾಕಿಗಳೆಲ್ಲ ಒಂದೇ ಅಲ್ಲ

ಕಾಡುವ ಗಿರಾಕಿ ಎಂದೊಡನೆ ಎಲ್ಲರನ್ನೂ ಕೆಟ್ಟವರೆಂದು ತಿಳಿಯಬೇಡಿ. ಒಬ್ಬೊಬ್ಬರಿಗೆ ಒಂದೊಂದು ಮದ್ದು.

ಮೊದಲನೆಯವರು ಸಂಶಯದವರು. "ಬಣ್ಣ ಹೋಗತೈತೇನ್ರೀ? ಇನ್ನೊಂದ ಫೋಟೋ ಕಳಸ್ರಿ" ಎಂದು ಹತ್ತು ಸಲ ಕೇಳುತ್ತಾರೆ. ಇವರು ಹಿಂದೆ ಎಲ್ಲೋ ಮೋಸ ಹೋದವರಿರಬಹುದು. ತಾಳ್ಮೆಯಿಂದ ಉತ್ತರಿಸಿ. ಒಮ್ಮೆ ನಂಬಿದರೆಂದರೆ ಇವರೇ ನಿಮ್ಮ ಕಾಯಂ ಗಿರಾಕಿಗಳು.

ಎರಡನೆಯವರು ಮನಸ್ಸು ಬದಲಿಸಿದವರು. ಉಮೇದಿನಲ್ಲಿ ಕೂಗಿಬಿಟ್ಟಿರುತ್ತಾರೆ, ಬೆಳಗಾಗುವಷ್ಟರಲ್ಲಿ ಮನೆಯ ಖರ್ಚು ನೆನಪಾಗುತ್ತದೆ. ಕಾನೂನಿನ ಪ್ರಕಾರ ಮಾರಾಟ ಆಗಿಹೋಗಿದೆ. ಆದರೆ ಖರೀದಿಸಿ ಪಶ್ಚಾತ್ತಾಪ ಪಡುವವರನ್ನು ಆ ವ್ಯವಹಾರದಿಂದ ಬಿಡುಗಡೆ ಮಾಡುವುದು ಪುಣ್ಯದ ಕೆಲಸವೆಂದು ಹದೀಸ್‌ಗಳು ಕಲಿಸುತ್ತವೆ. ಇದಕ್ಕೆ ಇಕಾಲಾ ಎಂದು ಹೆಸರು. ಸರಕು ಇನ್ನೂ ನಿಮ್ಮ ಬಳಿಯೇ ಇದ್ದರೆ, ಆಕೆ ನೇರವಾಗಿ ಕೇಳಿಕೊಂಡರೆ, ಬಿಟ್ಟುಕೊಡಿ. ಎರಡನೆಯ ಕೂಗಿನವರು ಹೇಗೂ ಇದ್ದಾರೆ. "ಮಗ ಫೋನಿನಲ್ಲಿ ಆಡುತ್ತ ಒತ್ತಿಬಿಟ್ಟ" ಎಂಬ ಕಾರಣವಾದರೆ ವಾದಿಸುವುದೇ ಬೇಡ. 18 ವರ್ಷ ತುಂಬದವರ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಆದರೆ ಅದೇ ವ್ಯಕ್ತಿ ಪದೇ ಪದೇ ಹೀಗೆ ಮಾಡಿದರೆ ಮುಂದಿನ ಲಿಲಾವಿಗೆ ಅವರನ್ನು ಸೇರಿಸಬೇಡಿ.

ಮೂರನೆಯವರು ಹೂಂ ಎನ್ನುತ್ತಾರೆ, ಹಣ ಮಾತ್ರ ಕೊಡುವುದಿಲ್ಲ. "ನಾಳೆ ಹಾಕ್ತೀನಿ" ಎಂಬ ನಾಳೆ ಬರುವುದೇ ಇಲ್ಲ. ಇವರೊಂದಿಗೆ ಸಿಟ್ಟು ಬೇಡ, ಸಲಿಗೆಯೂ ಬೇಡ. ಹೀಗೆ ಬರೆಯಿರಿ: "ಅಕ್ಕಾರ, ಇವತ್ತ ರಾತ್ರಿ 9 ಗಂಟೆ ಒಳಗ ಹಣ ಹಾಕ್ರಿ. ಆಗಲಿಲ್ಲಂದ್ರ ಎರಡನೇ ಕೂಗಿನವ್ರಿಗೆ ಕೊಡತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ." ಹಣ ಸಿಗದ ಮಾರಾಟಗಾರರು ಸರಕನ್ನು ತಮ್ಮಲ್ಲೇ ಉಳಿಸಿಕೊಳ್ಳುವ ಮತ್ತು ತಿಳಿಸಿದ ಬಳಿಕ ಬೇರೆಯವರಿಗೆ ಮಾರುವ ಹಕ್ಕು ಅದೇ 1930ರ ಕಾಯ್ದೆಯಲ್ಲಿದೆ. ಬೆಲೆಬಾಳುವ ಸರಕಾದರೆ ಕೂಗುವವರಿಂದ ಸಣ್ಣ ಮುಂಗಡ ಪಡೆಯುವುದು ಒಳ್ಳೆಯದು. ಬ್ಯಾಂಕುಗಳು ಸಾಲಕ್ಕೆ ಜಪ್ತಿ ಮಾಡಿದ ಆಸ್ತಿಯನ್ನು ಹರಾಜು ಹಾಕುವಾಗಲೂ ಗೆದ್ದವರು ಶೇ. 25ರಷ್ಟು ಹಣವನ್ನು ಅದೇ ದಿನ ಅಥವಾ ಮರುದಿನವೇ ಕಟ್ಟಬೇಕೆಂಬ ನಿಯಮವಿದೆ. ಗೆಲ್ಲದವರ ಮುಂಗಡವನ್ನು ಮಾತ್ರ ಅಂದೇ ಮರಳಿಸಿಬಿಡಿ.

ನಾಲ್ಕನೆಯವರು ಸರಕು ಕೈಸೇರಿದ ಮೇಲೆ ತಕರಾರು ತೆಗೆಯುವವರು. ಮೊದಲು ಅವರ ಮಾತು ನಿಜವಿರಬಹುದೆಂದು ತಿಳಿದು ಚಿತ್ರ ಕೇಳಿ. ನಿಮ್ಮ ಬಳಿಯೂ ದಾಖಲೆ ಇರಲಿ. ಸರಕನ್ನು ಮಡಿಸಿ, ತೂಕ ಹಾಕಿ, ಪೊಟ್ಟಣ ಕಟ್ಟುವುದನ್ನು ಕಡಿತವಿಲ್ಲದ ಒಂದೇ ವಿಡಿಯೋದಲ್ಲಿ ತೆಗೆದಿಡಿ. ಸ್ಪೀಡ್ ಪೋಸ್ಟ್ ಅಥವಾ ಕೊರಿಯರ್ ರಸೀದಿಯನ್ನು ಜೋಪಾನ ಮಾಡಿ. ಸೀಳಿದ್ದು, ಒಡೆದದ್ದು, ಬೇರೆಯದೇ ಹೋಗಿದ್ದು ನಿಜವಾದರೆ ಮರುಮಾತಿಲ್ಲದೆ ಹಣ ಹಿಂದಿರುಗಿಸಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುಕಟ್ಟೆ ತಾಣಗಳಲ್ಲಿ ಮಾರುವವರು ದೋಷವಿರುವ ಅಥವಾ ಜಾಹೀರಾತಿಗೆ ಹೊಂದದ ಸರಕನ್ನು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ದೋಷವಿಲ್ಲದೆಯೇ "ಅರ್ಧ ಹಣ ವಾಪಸ್ ಕೊಡಿ, ಇಲ್ಲದಿದ್ದರೆ ಕೆಟ್ಟದಾಗಿ ಬರೆಯುತ್ತೇನೆ" ಎಂದು ಹೆದರಿಸಿದರೆ ಬಗ್ಗಬೇಡಿ. ಸರಕು ವಾಪಸ್ ಬಂದ ಮೇಲೆಯೇ ಪೂರ್ತಿ ಹಣ ಎಂದು ಹೇಳಿ. ಮೋಸದ ಉದ್ದೇಶವಿದ್ದವರು ಅಲ್ಲಿಗೇ ಸುಮ್ಮನಾಗುವುದು ಹೆಚ್ಚು.

ಇವರು ಗಿರಾಕಿಗಳೇ ಅಲ್ಲ

ಚೌಕಾಸಿ ಮಾಡದೆ, ಸರಕನ್ನೂ ಸರಿಯಾಗಿ ನೋಡದೆ "ಈಗಲೇ ಹಣ ಕಳಿಸುತ್ತೇನೆ" ಎನ್ನುವವರ ಬಗ್ಗೆ ಎಚ್ಚರವಿರಲಿ. ತಾವು ಸೈನಿಕರೆಂದು ಹೇಳಿಕೊಂಡು ನಕಲಿ ಗುರುತಿನ ಚೀಟಿ ಕಳಿಸುವುದು ಈ ವಂಚಕರ ಹಳೆಯ ತಂತ್ರ. ಕ್ಯೂಆರ್ ಕೋಡ್ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುತ್ತದೆ" ಎನ್ನುತ್ತಾರೆ. ಒಂದು ಮಾತು ನೆನಪಿಡಿ: ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹಣ ನಿಮ್ಮ ಖಾತೆಯಿಂದಲೇ ಹೋಗುತ್ತದೆ.

ಇನ್ನು ಕೆಲವರು 2,000 ರೂಪಾಯಿಯ ಸರಕಿಗೆ 20,000 ಹಾಕಿದಂತೆ ನಕಲಿ ಸಂದೇಶ ತೋರಿಸಿ, "ಆಪಾ, ತಪ್ಪಿ ಜಾಸ್ತಿ ಬಂದಿದೆ, ಉಳಿದದ್ದು ಕಳಿಸಿಬಿಡಿ" ಎಂದು ಅಂಗಲಾಚುತ್ತಾರೆ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ಪುರಾವೆಯಲ್ಲ. ನಿಮ್ಮ ಬ್ಯಾಂಕ್ ಖಾತೆಯನ್ನು ನೀವೇ ತೆರೆದು ಹಣ ಬಂದದ್ದನ್ನು ಕಂಡ ಮೇಲಷ್ಟೇ ಮುಂದಿನ ಮಾತು. ಮೋಸ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಹುಬ್ಬಳ್ಳಿ-ಧಾರವಾಡದವರಿಗೆ ಸಿಇಎನ್ ಪೊಲೀಸ್ ಠಾಣೆಯಿದೆ. ಮನೆಯವರಿಗೆ ಹೇಗೆ ಹೇಳಲಿ ಎಂದು ಎರಡು ದಿನ ಅಳುತ್ತ ಕೂತರೆ ಹಣ ಕೈಗೆ ಸಿಗದಷ್ಟು ದೂರ ಹೋಗಿರುತ್ತದೆ.

ಹಣದ ಮೋಸಕ್ಕಿಂತ ಹೆಚ್ಚು ನೋಯಿಸುವ ಇನ್ನೊಂದು ಕಾಟವಿದೆ. ಬೆಲೆ ಕೇಳುವ ನೆಪದಲ್ಲಿ ರಾತ್ರಿ ಹನ್ನೊಂದಕ್ಕೆ ವಿಡಿಯೋ ಕರೆ, "ನಿಮ್ಮ ಫೋಟೋ ಹಾಕಿ" ಎಂಬ ಸಂದೇಶ. ವ್ಯಾಪಾರಕ್ಕೆ ಬೇರೆಯೇ ಸಿಮ್ ಇಟ್ಟುಕೊಳ್ಳಿ. ಅದಕ್ಕೆ ಕುಟುಂಬದ ಚಿತ್ರ ಬೇಡ, ಸರಕಿನ ಚಿತ್ರವಿರಲಿ. ಸರಕನ್ನು ಕೈಯಾರೆ ಕೊಡುವುದಾದರೆ ಮನೆಯ ವಿಳಾಸ ಕೊಡದೆ, ಜನ ಓಡಾಡುವ ಜಾಗಕ್ಕೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. "ಸರಕಿನ ವಿಷಯ ಬಿಟ್ಟು ಬೇರೆ ಸಂದೇಶ ಕಳಿಸಬೇಡಿ" ಎಂದು ಒಮ್ಮೆ ಸ್ಪಷ್ಟವಾಗಿ ಬರೆಯಿರಿ. ಆಮೇಲೂ ಬೆನ್ನುಹತ್ತಿದರೆ ಅದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ ಮೂರು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ, ಅವೇ ಸಾಕ್ಷಿ.

ನಮ್ಮ ತಕ್ಕಡಿಯೂ ಸರಿಯಿರಲಿ

ಗಿರಾಕಿಯ ತಪ್ಪನ್ನು ಹೇಳುವಾಗ ನಮ್ಮ ಕಡೆಯನ್ನೂ ನೋಡಿಕೊಳ್ಳಬೇಕು. ಬೆಲೆ ಏರಿಸಲೆಂದು ತಂಗಿಯಿಂದಲೋ ನಾದಿನಿಯಿಂದಲೋ ಸುಳ್ಳು ಕೂಗು ಹಾಕಿಸುವವರಿದ್ದಾರೆ. "ಇದರಲ್ಲಿ ಏನಿದೆ?" ಎಂದುಕೊಳ್ಳಬೇಡಿ. ಇದಕ್ಕೆ ಇಸ್ಲಾಮೀ ವ್ಯಾಪಾರ ನೀತಿಯಲ್ಲಿ ನಜ್ಶ್ ಎಂದು ಹೆಸರು, ಪ್ರವಾದಿ(ಸ)ರು ಇದನ್ನು ನಿಷೇಧಿಸಿದ್ದಾರೆ. ದೇಶದ ಕಾನೂನೂ ಅದನ್ನೇ ಹೇಳುತ್ತದೆ. ಬೆಲೆ ಏರಿಸಲು ಮಾರಾಟಗಾರರು ಸೋಗಿನ ಕೂಗು ಹಾಕಿಸಿದ್ದರೆ ಕೊಂಡವರು ಆ ಮಾರಾಟವನ್ನೇ ರದ್ದುಪಡಿಸಬಹುದು. ಬೆಲೆ ತೀರಾ ಕೆಳಗಿಳಿಯುವ ಭಯವಿದ್ದರೆ ಕನಿಷ್ಠ ಬೆಲೆ ಇಡಿ. ಅದು ನೇರ ದಾರಿ.

ಲಿಲಾವು ಎಂಬುದು ಕೀಳು ವ್ಯವಹಾರವೇನಲ್ಲ. ಬೇಡಲು ಬಂದ ಒಬ್ಬ ಅನ್ಸಾರಿಯ ಮನೆಯಲ್ಲಿದ್ದ ಹಾಸುಬಟ್ಟೆ ಮತ್ತು ಬಟ್ಟಲನ್ನು ಪ್ರವಾದಿ(ಸ)ರು ಸ್ವತಃ ಕೂಗಿ ಮಾರಿದ ಪ್ರಸಂಗ ಅಬೂದಾವೂದ್ ಸಂಗ್ರಹದಲ್ಲಿದೆ. ಒಬ್ಬರು ಒಂದು ದಿರ್ಹಮ್ ಎಂದರು. ಹೆಚ್ಚು ಕೊಡುವವರು ಯಾರೆಂದು ಕೇಳಿದಾಗ ಇನ್ನೊಬ್ಬರು ಎರಡು ಕೊಟ್ಟರು. ಒಂದರಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ. ಆ ಕೊಡಲಿಯಿಂದ ಸೌದೆ ಕಡಿದು ಮಾರಿ ಆತ ತನ್ನ ಕಾಲ ಮೇಲೆ ನಿಂತ. ಮನೆಯ ಹಳೆಯ ಬಟ್ಟೆ, ಬಟ್ಟಲು ಒಂದು ಕುಟುಂಬವನ್ನು ಎತ್ತಿ ನಿಲ್ಲಿಸಿದವು.

ನಿಮ್ಮ ಕೈಯ ಕಸೂತಿ, ನಿಮ್ಮ ಮಗ್ಗದ ಜಮಖಾನೆಗೂ ಆ ಶಕ್ತಿಯಿದೆ. ಒಬ್ಬ ಕೆಟ್ಟ ಗಿರಾಕಿಗೆ ಹೆದರಿ ಅದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ಮುಂದಿನ ಸಲ ಚಿತ್ರ ಹಾಕುವ ಮೊದಲು ಒಂದು ಹಾಳೆ ತೆಗೆದುಕೊಂಡು ಐದು ಷರತ್ತುಗಳನ್ನು ಬರೆಯಿರಿ. ಮನೆಯವರಿಗೆ ಒಮ್ಮೆ ಓದಿ ಹೇಳಿ. ಆಮೇಲೆ ಲಿಲಾವು ಶುರು ಮಾಡಿ.