ಪಡುವಣ ಕೆರೆಯ ದಂಡೆಯಲ್ಲಿ ಒಂದು ವರ್ಷ

ಚೀನಾ ದೇಶದ ಹಾಂಗ್‌ಝೌ ನಗರದಲ್ಲಿ ನಾವೂ ನಮ್ಮ ಗೃಹಿಣಿಯೂ ಒಂದು ವರ್ಷ ಸಂಸಾರ ನಡೆಯಿಸಿ ಹಿಂದಿರುಗಿದ ಮೇಲೆ ಕಂಡವರೆಲ್ಲರೂ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಊಟಕ್ಕೇನು ಮಾಡಿದಿರಿ?" ಮಹಾಗೋಡೆಯನ್ನು ನೋಡಿದಿರಾ ಎಂದು ಕೇಳಿದವರು ವಿರಳ. ನಾವು ಅದನ್ನು ನೋಡಲೂ ಇಲ್ಲ. ಅದು ನಾವಿದ್ದ ಊರಿಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ ಉತ್ತರಕ್ಕಿರುವುದು. ಊಟದ ವಿಚಾರವನ್ನು ಮುಂದೆ ಹೇಳುವೆವು; ಮೊದಲು ಹೋದ ಕಾರಣವನ್ನು ಹೇಳುವುದು ಕ್ರಮ.

ನಮ್ಮ ಏಕಮಾತ್ರ ಪುತ್ರನು ಅಲ್ಲಿ ಕಂಪ್ಯೂಟರಿಗೆ ಸಂಬಂಧಪಟ್ಟ ಉದ್ಯೋಗದಲ್ಲಿರುವನು. ಅವನಿಗಿನ್ನೂ ವಿವಾಹವಾಗಿಲ್ಲ; ಆ ಪ್ರಸ್ತಾಪ ಈ ಲೇಖನಕ್ಕೆ ಸೇರಿದುದಲ್ಲ. ಮಲೆನಾಡಿನ ಒಂದು ಪಾಠಶಾಲೆಯಲ್ಲಿ 34 ವರ್ಷ ಕನ್ನಡವನ್ನೂ ಸಂಸ್ಕೃತವನ್ನೂ ಕಲಿಸಿ ನಾವು ನಿವೃತ್ತರಾದೊಡನೆ, "ಒಂದು ವರ್ಷ ನನ್ನೊಡನೆ ಬಂದಿರಿ" ಎಂದು ಅವನು ಹಟ ಹಿಡಿದನು. 2024ನೆಯ ಇಸವಿಯ ಮಾರ್ಚಿಯಲ್ಲಿ ಹೊರಟೆವು. 2020ರಲ್ಲಿ ನಿಂತುಹೋಗಿದ್ದ ನೇರ ವಿಮಾನಗಳು ಮರಳಿ ಆರಂಭವಾದುದು 2025ರ ಅಕ್ಟೋಬರಿನಲ್ಲಿ. ಆದಕಾರಣ ನಾವು ಹಾಂಗ್‌ಕಾಂಗಿನ ಮೇಲೆ ಸುತ್ತಿಕೊಂಡು ಹೋಗಬೇಕಾಯಿತು.

ಪರದೇಶದವರು ಅಲ್ಲಿ ಯಾರದಾದರೂ ಮನೆಯಲ್ಲಿ ಇಳಿದುಕೊಂಡರೆ 24 ಗಂಟೆಗಳೊಳಗೆ ಪೊಲೀಸು ಠಾಣೆಯಲ್ಲಿ ಹೆಸರು ಬರೆಯಿಸಬೇಕು. ಬಹುಕಾಲ ನಿಲ್ಲತಕ್ಕವರು 30 ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಠಾಣೆಯಲ್ಲಿ ಒಬ್ಬ ಸೌಮ್ಯಳಾದ ತರುಣಿಯು ಕಾಗದವನ್ನು ಮುಂದಿಟ್ಟು, ಸಹಿ ಮಾಡತಕ್ಕ ಸ್ಥಳವನ್ನು ಬೆರಳಿನಿಂದ ತೋರಿಸಿದಳು. ಒಂದಕ್ಷರವನ್ನೂ ಓದಲಾರದ ಕಾಗದಕ್ಕೆ ನಾವು ರುಜು ಹಾಕಿದುದು ಜನ್ಮದಲ್ಲಿ ಅದೇ ಮೊದಲು. ನಮ್ಮ ಪಾಠಶಾಲೆಗೆ ಬಂದು ಹೆಬ್ಬೆಟ್ಟನ್ನೊತ್ತಿ ನಾಚಿ ನಿಲ್ಲುತ್ತಿದ್ದ ತಂದೆತಾಯಿಗಳ ಮುಖಗಳು ಆಗ ನೆನಪಿಗೆ ಬಂದುವು. ಅವರಲ್ಲಿ ಕೆಲವರನ್ನು ನಾವು ಗದರಿಸಿದ್ದೂ ಉಂಟು.

ಮಗನು ಬೆಳಗ್ಗೆ ಒಂಬತ್ತಕ್ಕೆ ಹೋದರೆ ರಾತ್ರಿ ಒಂಬತ್ತಕ್ಕೆ ಬರುವನು. ಹದಿನಾಲ್ಕನೆಯ ಅಂತಸ್ತಿನ ಮನೆ. ಅಂಗಳವಿಲ್ಲ, ಬಾವಿಯಿಲ್ಲ, ಹಿತ್ತಿಲ ಬೇಲಿಯಾಚೆಯಿಂದ ಕೂಗುವವರಿಲ್ಲ. ಎರಡು ವಾರಗಳೊಳಗೆ ನಮ್ಮಾಕೆಯ ಮಾತು ಕಡಮೆಯಾಗುತ್ತ ಬಂದಿತು. ಮೂರನೆಯ ವಾರ, ಅಡಿಗೆಯಾದ ಮೇಲೆ ಕಿಟಕಿಯ ಬಳಿಯಲ್ಲಿ ಕುಳಿತವಳು ಸಂಜೆಯವರೆಗೂ ಏಳಲಿಲ್ಲ. "ಮೈಗೆ ಹುಷಾರಿಲ್ಲವೇ?" ಎಂದರೆ "ಮೈಗೆ ಏನೂ ಆಗಿಲ್ಲ" ಎಂದಳು. ನಮಗೆ ನಿಜವಾಗಿಯೂ ಭಯವಾಯಿತು. ಮೂವತ್ತು ವರ್ಷಗಳಿಗೂ ಮೀರಿದ ದಾಂಪತ್ಯದಲ್ಲಿ ಆಕೆ ಮಾತನಾಡದಿರಲಿ ಎಂದು ನಾವು ಎಷ್ಟೋ ಸಲ ಬಯಸಿದ್ದೆವು. ಬಯಸಿದ್ದು ಕೈಗೂಡಿದಾಗ ಅದು ಹೇಗಿರುವುದೆಂಬುದು ಅಂದು ತಿಳಿಯಿತು. ಮರುದಿನದಿಂದ ಪ್ರತಿ ಬೆಳಗ್ಗೆ ಇಬ್ಬರೂ ನಡೆದಾಡಲು ಹೊರಡತಕ್ಕದ್ದೆಂದು ನಿಶ್ಚಯಿಸಿದೆವು. ಆಕೆ ಬೇಡವೆನ್ನಲಿಲ್ಲ, ಬೇಕೆಂದೂ ಎನ್ನಲಿಲ್ಲ.

ಆ ಊರಿನ ಕೀರ್ತಿಯೆಲ್ಲವೂ ಅದರ ಪಶ್ಚಿಮದಲ್ಲಿರುವ ಸೀಹೂ ಎಂಬ ಸರೋವರದಿಂದ ಬಂದುದು. ಆ ಹೆಸರಿಗೆ ಪಡುವಣ ಕೆರೆ ಎಂದೇ ಅರ್ಥ. ಮೂರು ಕಡೆ ಗುಡ್ಡ, ಒಂದು ಕಡೆ ಪಟ್ಟಣ. 2011ರಲ್ಲಿ ಇದನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿರುವರು. ಕೆರೆಯ ನಡುವೆ ಉತ್ತರದಕ್ಷಿಣವಾಗಿ ಸುಮಾರು 2.8 ಕಿಲೋಮೀಟರು ಉದ್ದದ ಒಂದು ಏರಿಯುಂಟು. ಸೂ ಷಿ ಎಂಬ ಮಹಾಕವಿಯು ಈ ಊರಿನ ಅಧಿಕಾರಿಯಾಗಿದ್ದಾಗ, 1090ರಲ್ಲಿ, ಕಳೆಯಿಂದಲೂ ಹೂಳಿನಿಂದಲೂ ಮುಚ್ಚಿಹೋಗುತ್ತಿದ್ದ ಕೆರೆಯನ್ನು ಸಾವಿರಾರು ಆಳುಗಳಿಂದ ತೋಡಿಸಿ, ತೆಗೆದ ಹೂಳನ್ನೇ ಏರಿಯಾಗಿ ಹಾಕಿಸಿದನಂತೆ. ಅದರ ಮೇಲೆ ಆರು ಕಮಾನಿನ ಸೇತುವೆಗಳು. ಎರಡು ಮಗ್ಗುಲಲ್ಲಿಯೂ ಪೀಚು ಮರ ಒಂದು, ನೀರುಬೆತ್ತದಂತೆ ಜೋಲುವ ವಿಲೋ ಮರ ಒಂದು, ಹೀಗೆ ಸಾಲು. ಕವಿಯಾದವನು ಹೂಳೆತ್ತಿಸಿದನೆಂಬ ಮಾತನ್ನು ನಮ್ಮ ಕೆರೆಗಳ ದುರವಸ್ಥೆಯನ್ನು ಬಲ್ಲವರು ಎರಡು ಸಲ ಓದಿಕೊಳ್ಳಬೇಕು.

ಮೊದಲನೆಯ ದಿನ ಆಕೆ ನೆಲವನ್ನೇ ನೋಡುತ್ತ ನಡೆದಳು. ದಾರಿಯಲ್ಲೆಲ್ಲ ಕೆಂಪಾದ ಹಣ್ಣೆಲೆಗಳು ಬಿದ್ದಿದ್ದುವು. ಮೇಲೆ ನೋಡಿದರೆ ಮರಗಳು ಎಳೆಹಸುರಿನ ಚಿಗುರಿನಿಂದ ತುಂಬಿದ್ದುವು. ಆಕೆ ಒಂದು ಎಲೆಯನ್ನೆತ್ತಿ, ಮುರಿದು, ಮೂಗಿಗೆ ಹಿಡಿದು ನಿಂತಳು. "ಇಲ್ಲಿ ನೋಡಿ, ಮಂಗಳಾರತಿಯ ವಾಸನೆ" ಎಂದು ನಮ್ಮ ಮೂಗಿಗೂ ಹಿಡಿದಳು. ಅದು ಕರ್ಪೂರದ ಮರ! ಆ ನಗರದ ಬೀದಿಗಳಲ್ಲಿ ಎಲ್ಲೆಲ್ಲಿಯೂ ಇರುವ, ನಗರವೃಕ್ಷವೆಂದು ಅವರು ಆರಿಸಿಕೊಂಡಿರುವ ಮರ. ಚೈತ್ರದಲ್ಲಿ ಹೊಸ ಚಿಗುರು ಬರುವಾಗಲೇ ಹಳೆಯ ಎಲೆಗಳನ್ನುದುರಿಸುವುದು ಅದರ ಸ್ವಭಾವ. ಪ್ರತಿದಿನವೂ ಕರ್ಪೂರವನ್ನು ಉರಿಸಿದ ನಾವು ಅದರ ಮರವನ್ನು ಕಂಡುದು ಅರುವತ್ತನೆಯ ವಯಸ್ಸಿನಲ್ಲಿ. ಅದೂ ಆಕೆ ಕಂಡುದರಿಂದ.

ಏರಿಯ ಕಲ್ಲುಹಾಸಿನ ಮೇಲೆ ಒಬ್ಬ ವೃದ್ಧನು ಸೊಂಟದೆತ್ತರದ ಕುಂಚವನ್ನು ಬರಿಯ ನೀರಿನಲ್ಲಿ ಅದ್ದಿ ದೊಡ್ಡ ಅಕ್ಷರಗಳನ್ನು ಬರೆಯುತ್ತಿದ್ದನು. ಕೊನೆಯ ಸಾಲು ಮುಗಿಯುವುದರೊಳಗೆ ಮೊದಲನೆಯ ಸಾಲು ಆರಿಹೋಗುವುದು. ಒಂದು ದಿನ ಅವನು ನಮ್ಮ ಕೈಗೆ ಕುಂಚವನ್ನು ಕೊಟ್ಟನು. "ಅ ಆ ಇ ಈ" ಎಂದು ಬರೆದೆವು. ಅವನು ತಲೆಯೋರೆ ಮಾಡಿ ನೋಡಿ, ಕುಂಚವನ್ನು ಮರಳಿ ತೆಗೆದುಕೊಂಡು, ಅದರ ಕೆಳಗೆ ನಮ್ಮ "ಅ"ಕಾರವನ್ನು ಹಾಗೆಯೇ ಬಿಡಿಸಿದನು. ಒಂದು ಸುಳಿ ಹೆಚ್ಚಾಗಿತ್ತು. ತಿದ್ದುವಷ್ಟರಲ್ಲಿ ಆರಿಹೋಯಿತು.

ಅದೇ ಕೆರೆಯಲ್ಲಿ ಬಣ್ಣಬಣ್ಣದ ಬಾತುಗಳು ಜೋಡಿಜೋಡಿಯಾಗಿ ಈಜುವುವು. ಚೀನೀಯರು ಇವುಗಳನ್ನು ದಾಂಪತ್ಯಪ್ರೇಮದ ಲಾಂಛನವೆಂದು ಮದುವೆಯ ಹಚ್ಚಡಗಳ ಮೇಲೆ ಕಸೂತಿ ಹಾಕುವರು. "ಇವೇ ನಮ್ಮ ಕವಿಗಳ ಚಕ್ರವಾಕಗಳು" ಎಂದು ನಾವು ಆಕೆಗೆ ಅಧಿಕಾರವಾಣಿಯಿಂದ ಹೇಳಿದೆವು. ಮನೆಗೆ ಬಂದು ನೋಡಿದರೆ ತಪ್ಪು. ಚಕ್ರವಾಕವು ಬೇರೆ, ಕಾವಿಬಣ್ಣದ ದೊಡ್ಡ ಬಾತು. ಇದು ಮ್ಯಾಂಡರಿನ್ ಎಂಬ ಬಾತು, ಮರದ ಪೊಟರೆಯಲ್ಲಿ ಮೊಟ್ಟೆಯಿಡುವಂಥದು. ಮರಿಗಳು ಹುಟ್ಟಿದ ಒಂದೆರಡು ದಿನಗಳಲ್ಲಿಯೇ ಪೊಟರೆಯಿಂದ ಕೆಳಕ್ಕೆ ಹಾರಿ ತಾಯಿಯ ಹಿಂದೆ ನೀರಿಗಿಳಿಯುವುವು. ವೈಶಾಖದಲ್ಲಿ ಒಂದು ತಾಯಿ ಒಂಬತ್ತು ಮರಿಗಳನ್ನು ಹಿಂದಿಟ್ಟುಕೊಂಡು ತಾವರೆಯೆಲೆಗಳ ನಡುವೆ ಹೋಗುತ್ತಿದ್ದಿತು. ನಮ್ಮಾಕೆ ಬಹಳ ಹೊತ್ತು ನೋಡಿ, "ಗಂಡು ಎಲ್ಲಿ?" ಎಂದಳು. ಹೆಣ್ಣು ಕಾವು ಕೂತ ಮೇಲೆ ಗಂಡು ಹೊರಟುಹೋಗುವುದೆಂದು ಪಕ್ಷಿಶಾಸ್ತ್ರಜ್ಞರು ಹೇಳುವರು. ಲಾಂಛನದ ವಿಚಾರವನ್ನು ನಾವು ಮತ್ತೆ ಎತ್ತಲಿಲ್ಲ.

ಇನ್ನು ಊಟದ ವಿಚಾರ. ನಾವು ಶಾಕಾಹಾರಿಗಳು, ಹೊರಗೆ ತಿನ್ನುವುದು ಕಷ್ಟವೇ. ಆದರೆ ತರಕಾರಿಯ ಮಾರುಕಟ್ಟೆಯಲ್ಲಿ ನಮ್ಮಾಕೆ ಪರದೇಶಿಯಾಗಿರಲಿಲ್ಲ. ಹಾಗಲ, ಸೋರೆ, ಕೆಸುವಿನ ಗೆಡ್ಡೆ, ಹರಿವೆ, ಎಲ್ಲವೂ ಪರಿಚಿತವೇ. ತಾವರೆಯ ಗೆಡ್ಡೆಯ ರಂಧ್ರಗಳಲ್ಲಿ ಅಂಟಕ್ಕಿಯನ್ನು ತುಂಬಿ, ಬೇಯಿಸಿ, ಸಿಹಿಪಾಕ ಸುರಿದು ತಿನ್ನುವರು. ಅದೇ ಗೆಡ್ಡೆಯ ಹಿಟ್ಟನ್ನು ಬಿಸಿನೀರಿನಲ್ಲಿ ಕದಡಿ ನಮ್ಮ ರಾಗಿಯ ಸರಿಯಂತೆ ಮಾಡುವರು. ಇವೆರಡೂ ನಮಗೆ ಒಗ್ಗಿದುವು. ತೊಗರಿಬೇಳೆಯನ್ನು ಮಗನು ಎಲ್ಲಿಂದಲೋ ತರಿಸಿದನು. ಹಣವನ್ನೆಲ್ಲ ಅಲ್ಲಿ ಮೊಬೈಲಿನಲ್ಲಿಯೇ ಕೊಡುವರು. ಸೊಪ್ಪು ಮಾರುವ ಮುದುಕಿಯ ಬುಟ್ಟಿಗೂ ಚೌಕಳಿಯ ಗುರುತಿನ ಚೀಟಿ ಅಂಟಿಸಿತ್ತು.

ಒಂದು ದಿನ ನಮ್ಮ ಅಂತಸ್ತಿನಲ್ಲಿಯೇ ಇದ್ದ ಒಬ್ಬ ವೃದ್ಧೆಯು ಬಾಗಿಲ ಹೊರಗೆ ಮಣೆಯ ಮೇಲೆ ಕುಳಿತು ಬಿದಿರಿನ ಕಳಲೆಯನ್ನು ಸುಲಿಯುತ್ತಿದ್ದಳು. ನಮ್ಮಾಕೆ ಅಲ್ಲಿಯೇ ನಿಂತುಬಿಟ್ಟಳು. "ಕಳಲೆ!" ಎಂದಳು. ಮುದುಕಿ ತನ್ನ ಭಾಷೆಯಲ್ಲಿ ಏನೋ ಎಂದಳು. ನಮ್ಮಲ್ಲಿ ಮಳೆಗಾಲದ ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಮೂರು ದಿನ ನೆನೆಯಿಸಿದಲ್ಲದೆ ಅಡಿಗೆಗೆ ತರುವುದಿಲ್ಲವಷ್ಟೆ? ಅದನ್ನು ನಮ್ಮಾಕೆ ಮೂರು ಬೆರಳು ತೋರಿಸಿ, ನೀರು ಸುರಿಯುವಂತೆ ಅಭಿನಯಿಸಿ ತಿಳಿಸಿದಳು. ಮುದುಕಿ ನಕ್ಕು, ಬೆರಳು ಬೇಡವೆಂದು ಆಡಿಸಿ, ಕುದಿಯುವ ಪಾತ್ರೆಯನ್ನು ತೋರಿಸಿದಳು. ಅಲ್ಲಿನ ವಸಂತಕಾಲದ ಕಳಲೆ ಅಷ್ಟು ಕಹಿಯಲ್ಲ. ಈ ಶಾಸ್ತ್ರಾರ್ಥವು ಅರ್ಧ ಗಂಟೆ ನಡೆಯಿತು. ಚೀನೀಭಾಷೆಯ ಪುಸ್ತಕವನ್ನು ಮುಂದಿಟ್ಟುಕೊಂಡು ಮೂವತ್ತು ಅಕ್ಷರಗಳನ್ನು ಕಲಿತಿದ್ದ ನಾವು ಪಕ್ಕದಲ್ಲಿ ಮೂಕರಾಗಿ ನಿಂತಿದ್ದೆವು.

ಜೂನು ತಿಂಗಳ ನಡುವಿನಿಂದ ಅಲ್ಲಿ ಎಡೆಬಿಡದ ಜಡಿಮಳೆ. ಪ್ಲಮ್ ಹಣ್ಣುಗಳು ಮಾಗುವ ಕಾಲವಾದುದರಿಂದ ಅದಕ್ಕೆ ಪ್ಲಮ್ ಮಳೆಯೆಂದು ಹೆಸರು. ಬಟ್ಟೆಗಳು ಬೂಷ್ಟು ಹಿಡಿಯುವುವು. "ಇದು ಮೃಗಶಿರಾ, ಮುಂದೆ ಆರಿದ್ರಾ" ಎಂದು ನಮ್ಮಾಕೆ ಕಿಟಕಿಯಲ್ಲಿ ನಿಂತು ಹೇಳಿದಳು. ನಾವು ನಗಲು ಹೋಗಿ ಪಂಚಾಂಗವನ್ನು ನೋಡಿ ಸುಮ್ಮನಾದೆವು. ದಿನಗಳು ಸರಿಯಾಗಿಯೇ ಇದ್ದುವು. ನಮ್ಮ ರೈತರು ಸೂರ್ಯನು ನಡೆಯುವ ದಾರಿಯನ್ನು 27 ನಕ್ಷತ್ರಗಳಾಗಿ ಹಂಚಿ ಮಳೆಗಳಿಗೆ ಹೆಸರಿಟ್ಟರು. ಚೀನದವರು ಅದೇ ದಾರಿಯನ್ನು 15 ಅಂಶಗಳಂತೆ 24 ಭಾಗ ಮಾಡಿ, ಹುಳುಗಳು ಏಳುವ ದಿನ, ಇಬ್ಬನಿ ಬೆಳ್ಳಗಾಗುವ ದಿನ ಎಂದು ಹೆಸರಿಟ್ಟರು. ಈ ಗಣನೆಯನ್ನು 2016ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯೆಂದು ಅಂಗೀಕರಿಸಿತು. ನಕ್ಷತ್ರದ ಮಳೆಗಳನ್ನು ಬಾಯಲ್ಲಿ ಇಟ್ಟುಕೊಂಡಿರುವ ನಮ್ಮ ಮುದುಕಿಯರನ್ನು ಯಾರೂ ಕೇಳಲಿಲ್ಲ.

ಮಳೆ ನಿಂತ ಮೇಲೆ ಆ ವೃದ್ಧೆಯು ಒಂದು ಹೂಕುಂಡವನ್ನು ತಂದು ನಮ್ಮ ಬಾಗಿಲಲ್ಲಿಟ್ಟು, "ಮೋಲಿ ಹುವಾ" ಎಂದಳು. ನಮ್ಮಾಕೆ ಬಗ್ಗಿ ನೋಡಿ, "ಅಯ್ಯೋ, ಮೊಲ್ಲೆ ಹೂವು!" ಎಂದು ಕೂಗಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮತ್ತೆ ಮತ್ತೆ ಅದೇ ಎರಡು ಮಾತುಗಳನ್ನು ಆಡುತ್ತ ನಕ್ಕರು. ಚೀನಿಯ ಮೋಲಿ ಎಂಬುದು ಸಂಸ್ಕೃತದ ಮಲ್ಲಿಕಾ ಶಬ್ದದಿಂದ ಬಂದುದೆಂಬುದು ವಿದ್ವಾಂಸರು ಒಪ್ಪಿದ ಮಾತು. ಹುವಾ ಎಂದರೆ ಹೂವೆಂಬುದೂ ನಿಜ, ಆದರೆ ಅದು ಕಾಕತಾಳೀಯ. ಕನ್ನಡದ ಮೊಲ್ಲೆಗೆ ತಮಿಳಿನ ಮುಲ್ಲೈ ಹತ್ತಿರದ ಬಂಧು. ಇದನ್ನೆಲ್ಲ ನಾವು ವಿವರಿಸಲು ತೊಡಗುವಷ್ಟರಲ್ಲಿ ಅವರಿಬ್ಬರೂ ಒಳಗೆ ಹೋಗಿಯಾಗಿತ್ತು. ಅಂದಿನಿಂದ ಸಂಜೆಯ ಹೊತ್ತು ನಮ್ಮಾಕೆ ದಾರವನ್ನು ಬೆರಳಿಗೆ ಸುತ್ತಿ ಹೂಕಟ್ಟುವುದನ್ನು ಅವಳಿಗೆ ಕಲಿಸತೊಡಗಿದಳು. ಮುದುಕಿಯ ಗಂಟು ನಿಲ್ಲುತ್ತಿರಲಿಲ್ಲ. ನಮ್ಮಾಕೆ ಬಿಚ್ಚಿಸಿ ಮತ್ತೆ ಕಟ್ಟಿಸುವಳು. ಇಷ್ಟು ಕಟ್ಟುನಿಟ್ಟಾದ ಉಪಾಧ್ಯಾಯರು ನಾವೂ ಆಗಿರಲಿಲ್ಲ.

ಶರತ್ಕಾಲದಲ್ಲಿ ಗುಡ್ಡಗಳ ಕಡೆಗೆ ಹೋದೆವು. ಅಲ್ಲಿ ಲೋಂಗ್‌ಜಿಂಗ್ ಚಹಾದ ತೋಟಗಳಿವೆ. ಲೋಂಗ್ ಎಂಬ ಶಬ್ದದಿಂದಲೇ ಬೌದ್ಧ ಗ್ರಂಥಗಳನ್ನು ಭಾಷಾಂತರಿಸಿದವರು ನಾಗ ಶಬ್ದವನ್ನು ಹೇಳಿದುದರಿಂದ, ನಾಗಬಾವಿಯೆಂದರೆ ತಪ್ಪಾಗದು. ಏಪ್ರಿಲ್ ಮೊದಲಿನಲ್ಲಿ ಬರುವ ಪಿತೃಗಳ ಹಬ್ಬಕ್ಕೆ ಮುಂಚೆ ಕಿತ್ತ ಚಿಗುರಿಗೆ ಬೆಲೆ ಹೆಚ್ಚು. ಅದನ್ನು ಕಾದ ಕಬ್ಬಿಣದ ಬಾಣಲೆಯಲ್ಲಿ ಬರಿಗೈಯಿಂದ ಒತ್ತಿ ಒತ್ತಿ ಹುರಿಯುವರು. ಹಾಲಿಲ್ಲ, ಸಕ್ಕರೆಯಿಲ್ಲ. ನಾವು ಕಾಫಿಯವರು; ಹೆಚ್ಚು ಹೇಳುವುದಿಲ್ಲ. ತೋಟಗಳಾಚೆ ಒಂಬತ್ತು ತೊರೆಗಳ ಕಣಿವೆಯಲ್ಲಿ ನಾವು ಕಲಿತ ಅಕ್ಷರಗಳನ್ನು ನಂಬಿ ಒಂದು ಕಾಲುದಾರಿ ಹಿಡಿದು ದಾರಿ ತಪ್ಪಿದೆವು; ಮೊಬೈಲು ಆರಿತ್ತು. "ನೀರು ಹೋಗುವ ಕಡೆಗೆ ನಡೆಯಿರಿ, ಹೊಳೆಯ ಬಳಿ ರಸ್ತೆಯಿದ್ದೇ ಇರುತ್ತದೆ" ಎಂದು ಆಕೆ ಮುಂದಾದಳು. ಕತ್ತಲಾಗುವ ಮೊದಲೇ ಚಿಯೆನ್‌ಟಾಂಗ್ ನದಿಯ ದಂಡೆಯ ರಸ್ತೆ ಸಿಕ್ಕಿತು.

ಪರವಾನಗಿಯ ವರ್ಷವು ಮುಗಿಯುತ್ತ ಬಂದಾಗ, "ಇನ್ನೊಂದು ವರ್ಷಕ್ಕೆ ಅರ್ಜಿ ಹಾಕಲೇ?" ಎಂದು ಮಗನು ಕೇಳಿದನು. ಆಕೆ ಕೂಡಲೇ ಊರಿಗೆನ್ನುವಳೆಂದು ನಾವು ತಿಳಿದಿದ್ದೆವು. ಆಕೆ ಉತ್ತರ ಕೊಡಲಿಲ್ಲ. ಊರಿನ ಹಂಬಲವಿದ್ದುದು, ನಮ್ಮ ಪುಸ್ತಕಗಳ, ನಮ್ಮ ಮಾತಿನ ಹಂಬಲವಿದ್ದುದು, ಈಗ ನಮಗೇ.

ಮರುದಿನ ಲಿಂಗ್‌ಯಿನ್ ದೇವಾಲಯದ ಮುಂದಿನ ಗುಡ್ಡಕ್ಕೆ ಹೋದೆವು. ಹುಯಿಲಿ ಎಂಬ ಚೀನೀ ಹೆಸರಿನಿಂದ ಪ್ರಸಿದ್ಧನಾದ ಭಾರತದ ಭಿಕ್ಷುವೊಬ್ಬನು 328ರಲ್ಲಿ ಈ ದೇವಾಲಯವನ್ನು ಸ್ಥಾಪಿಸಿದನೆಂದು ಪ್ರತೀತಿ. ಅವನು ಎದುರಿನ ಗುಡ್ಡವನ್ನು ಕಂಡು, ಇದು ನಮ್ಮ ಗೃಧ್ರಕೂಟದ ತುಂಡು, ಇಲ್ಲಿಗೆ ಯಾವಾಗ ಹಾರಿಬಂದಿತೆಂದು ಬೆರಗಾದನಂತೆ. ಇಂದಿಗೂ ಅದಕ್ಕೆ ಹಾರಿಬಂದ ಗುಡ್ಡವೆಂದೇ ಹೆಸರು. ಸುತ್ತಲಿನ ಗುಡ್ಡಗಳು ಮರಳುಗಲ್ಲಿನವು, ಇದೊಂದು ಸುಣ್ಣಕಲ್ಲಿನದು, ಬೆರಗಿಗೆ ಕಾರಣವಿಲ್ಲದಿಲ್ಲ. ಬಂಡೆಗಳಲ್ಲಿ ಮುನ್ನೂರಕ್ಕೂ ಮಿಕ್ಕಿ ಬುದ್ಧ ಬೋಧಿಸತ್ತ್ವರ ಮೂರ್ತಿಗಳನ್ನು ಕೊರೆದಿರುವರು. ಒಂದು ಕಡೆ ಆ ಭಿಕ್ಷುವಿನ ಸ್ಮಾರಕವಾದ ಪುಟ್ಟ ಕಲ್ಲಿನ ಗೋಪುರವಿರುವುದು. ನಾವು ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಆಕೆ ಕೇಳಿದಳು: "ಅವರು ಊರಿಗೆ ಹಿಂದಿರುಗಿದರೇ?"

"ಇಲ್ಲ. ಇಲ್ಲಿಯೇ ತೀರಿಕೊಂಡರೆಂದು ಹೇಳುವರು."

"ಅವರ ತಾಯಿ?"

ಅದಕ್ಕೆ ಯಾವ ಗ್ರಂಥದಲ್ಲಿಯೂ ನಾವು ಉತ್ತರ ಕಂಡಿರಲಿಲ್ಲ. ನಮ್ಮ ತಾಯಿಯವರಿಗೆ ಆಗ ಎಂಬತ್ತೇಳು ವರ್ಷ, ತಮ್ಮನ ಮನೆಯಲ್ಲಿದ್ದರು, ಪ್ರತಿ ಭಾನುವಾರ ದೂರವಾಣಿಯಲ್ಲಿ "ಎಂದು ಬರ್ತೀರಿ?" ಎಂದು ಕೇಳುತ್ತಿದ್ದರು. ಬಸ್ಸಿನಲ್ಲಿ ಹಿಂದಿರುಗುವಾಗ ಆಕೆ, "ಮಗ ನಮಗೋಸ್ಕರ ಕಾಯಬಲ್ಲ. ಅತ್ತೆಯವರಿಗೆ ಕಾಯಲಾಗುವುದಿಲ್ಲ. ಅರ್ಜಿ ಬೇಡವೆಂದು ಹೇಳಿ" ಎಂದಳು. ಹೇಳುವಾಗ ಕಿಟಕಿಯ ಹೊರಗೆ ನೋಡುತ್ತಿದ್ದಳು.

2025ರ ಮಾರ್ಚಿಯಲ್ಲಿ ಹೊರಟೆವು. ಚಳಿಗಾಲವೆಲ್ಲ ಒಳಗಿಟ್ಟು ಕಾಪಾಡಿದ್ದ ಕುಂಡವನ್ನು ಆಕೆ ಮುದುಕಿಯ ಬಾಗಿಲಿಗೆ ಮರಳಿ ಕೊಂಡುಹೋದಳು. ಕರ್ಪೂರದ ಮರಗಳು ಮತ್ತೆ ಚಿಗುರಲು ಇನ್ನೂ ಕೆಲವು ದಿನಗಳಿದ್ದುವು.

ಆ ಆಷಾಢದಲ್ಲಿ ಮಗನು ಮೊಬೈಲಿಗೆ ಒಂದು ಚಿತ್ರವನ್ನು ಕಳುಹಿಸಿದನು. ಮುದುಕಿ ತನ್ನ ಬಾಗಿಲಲ್ಲಿ ನಿಂತು, ಎರಡೂ ಕೈಗಳಲ್ಲಿ ಒಂದು ಮೊಳ ಹೂಮಾಲೆಯನ್ನು ಹಿಡಿದಿದ್ದಳು. ನಮ್ಮ ತಾಯಿಯವರು, ತಮ್ಮನ ಮಕ್ಕಳು, ಎಲ್ಲರೂ ನೋಡಿ ಮೆಚ್ಚಿದರು. ನಮ್ಮಾಕೆ ಕನ್ನಡಕವನ್ನು ಹಾಕಿಕೊಂಡು, ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ, ಬಹಳ ಹೊತ್ತು ಪರೀಕ್ಷಿಸಿ, "ಮೂರನೆಯ ಗಂಟು ಇನ್ನೂ ಸಡಿಲವಾಗಿದೆ, ಅವನಿಗೆ ಫೋನು ಮಾಡಿ ಹೇಳಬೇಕು" ಎಂದಳು.