ಆರಾಧನೆಯೆಂಬ ಜನರ ಕಾರ್ಯ: ಕ್ರೈಸ್ತ ಪೂಜಾವಿಧಿ, ಅದರ ಅರ್ಥ ಮತ್ತು ನಮ್ಮ ಅಕ್ಷರ

ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಕನ್ನಡ ಶಾಲೆಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಓದುತ್ತಾರೆ. ಒಬ್ಬರ ಮನೆಯ ಹಬ್ಬದ ಸಿಹಿತಿಂಡಿ ಇನ್ನೊಬ್ಬರಿಗೆ ಪರಿಚಿತ. ಆದರೆ ಒಬ್ಬರ ದೇವಾಲಯದೊಳಗೆ ನಡೆಯುವುದೇನು, ಅದರ ಅರ್ಥವೇನು ಎಂಬುದು ಇನ್ನೊಬ್ಬರಿಗೆ ಅಷ್ಟಾಗಿ ತಿಳಿಯದು. ಭಾನುವಾರ ಬೆಳಗ್ಗೆ ಇಗರ್ಜಿಯ ಗಂಟೆ ಕೇಳಿ ಒಳಗೆ ಹೋಗುವ ನೆರೆಯವರು ಅಲ್ಲಿ ಮಾಡುವುದೇನು? ಈ ಪ್ರಶ್ನೆಯ ಉತ್ತರವು ನಮ್ಮ ಕನ್ನಡ ಶಾಲೆಗಳವರೆಗೂ ಬಂದು ಮುಟ್ಟುತ್ತದೆ.

ಕ್ರೈಸ್ತರು ತಮ್ಮ ಸಾಮೂಹಿಕ ಪೂಜಾವಿಧಿಯನ್ನು ‘ಲಿಟರ್ಜಿ’ ಎನ್ನುತ್ತಾರೆ. ಇದು ಗ್ರೀಕ್ ಮೂಲದ ಶಬ್ದ. ಪ್ರಾಚೀನ ಗ್ರೀಕ್ ನಗರಗಳಲ್ಲಿ ಅನುಕೂಲಸ್ಥನಾದ ಪ್ರಜೆಯೊಬ್ಬನು ತನ್ನ ಸ್ವಂತ ವೆಚ್ಚದಲ್ಲಿ ಊರಿಗಾಗಿ ಮಾಡುತ್ತಿದ್ದ ಸೇವೆಗೆ ಆ ಹೆಸರಿತ್ತು. ಆದುದರಿಂದ ಕ್ರೈಸ್ತ ಕಲ್ಪನೆಯಲ್ಲಿ ಆರಾಧನೆಯು ನೆರೆದ ಸಭೆಯೆಲ್ಲವೂ ಸೇರಿ ದೇವರ ಮುಂದೆ ಮಾಡುವ ಕಾರ್ಯ. ಮನೆಯಲ್ಲಿ ಸಂಜೆ ದೀಪ ಹಚ್ಚಿ ಜಪಮಾಲೆ ಹಿಡಿಯುವುದೂ, ಏಕಾಂತದಲ್ಲಿ ಮೌನವಾಗಿ ಕೂರುವುದೂ ಪ್ರಾರ್ಥನೆಯೇ ಸರಿ. ಆದರೂ ಭಾನುವಾರದ ಕೂಟಕ್ಕೆ ವಿಶೇಷ ಸ್ಥಾನವಿದೆ. ಏಸುವು ಮರಣವನ್ನು ಗೆದ್ದು ಎದ್ದು ಬಂದ ದಿನ ಅದೆಂಬುದು ಅವರ ನಂಬಿಕೆ.

ಆ ಕೂಟದ ಅತಿ ಪ್ರಾಚೀನ ವರ್ಣನೆಗಳಲ್ಲಿ ಒಂದು ರೋಮ್ ನಗರದಿಂದ ಬಂದದ್ದು. ಕ್ರಿ.ಶ. 150ರ ಸುಮಾರಿಗೆ ಜಸ್ಟಿನ್ ಎಂಬ ಚಿಂತಕನು ಚಕ್ರವರ್ತಿಗೆ ಬರೆದ ಸಮರ್ಥನಾ ಪತ್ರದಲ್ಲಿ ತಮ್ಮವರ ಭಾನುವಾರವನ್ನು ವಿವರಿಸಿದ್ದಾನೆ. ಊರಲ್ಲಿದ್ದವರೂ ಹಳ್ಳಿಗಳಲ್ಲಿದ್ದವರೂ ಒಂದೆಡೆ ಸೇರುತ್ತಾರೆ. ಪ್ರವಾದಿಗಳ ಮತ್ತು ಏಸುವಿನ ಶಿಷ್ಯರ ಬರಹಗಳನ್ನು ಓದಲಾಗುತ್ತದೆ. ಸಭೆಯ ಹಿರಿಯನು ಅದರಂತೆ ಬಾಳಬೇಕೆಂದು ಬೋಧಿಸುತ್ತಾನೆ. ಎಲ್ಲರೂ ಎದ್ದುನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿಯನ್ನೂ, ನೀರು ಬೆರೆಸಿದ ದ್ರಾಕ್ಷಾರಸವನ್ನೂ ತಂದಾಗ ಹಿರಿಯನು ಕೃತಜ್ಞತಾ ಪ್ರಾರ್ಥನೆ ಮಾಡುತ್ತಾನೆ. ಜನರು ‘ಆಮೆನ್’ ಎಂದು ಸಮ್ಮತಿ ಸೂಚಿಸುತ್ತಾರೆ. ಅನಂತರ ಎಲ್ಲರಿಗೂ ಅದು ಹಂಚಲ್ಪಡುತ್ತದೆ. ಬಾರಲಾಗದವರಿಗೆ ಅವರಿದ್ದಲ್ಲಿಗೇ ಕಳುಹಿಸಲ್ಪಡುತ್ತದೆ. ಉಳ್ಳವರು ಕೊಟ್ಟ ಕಾಣಿಕೆಯಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು, ಪರಸ್ಥಳದಿಂದ ಬಂದವರು ನೆರವು ಪಡೆಯುತ್ತಾರೆ.

ಹದಿನೆಂಟು ಶತಮಾನಗಳು ಕಳೆದರೂ ಈ ಚೌಕಟ್ಟು ಮೂಲತಃ ಬದಲಾಗಿಲ್ಲ. ಇಂದಿನ ಕಥೋಲಿಕ ಬಲಿಪೂಜೆಯಲ್ಲಿ ಎರಡು ಮುಖ್ಯ ಅಂಗಗಳಿವೆ: ಮೊದಲು ವಾಕ್ಯದ ಪಠನ ಮತ್ತು ಬೋಧನೆ, ಆಮೇಲೆ ಪರಮಪ್ರಸಾದ. ಸೆರೆಸಿಕ್ಕಿದ ರಾತ್ರಿ ಏಸುವು ಶಿಷ್ಯರೊಡನೆ ಮಾಡಿದ ಕೊನೆಯ ಭೋಜನವೇ ಇದರ ಮೂಲ. ರೊಟ್ಟಿ ಮತ್ತು ದ್ರಾಕ್ಷಾರಸಗಳಲ್ಲಿ ಕ್ರಿಸ್ತನು ನಿಜವಾಗಿ ಸನ್ನಿಹಿತನಾಗಿದ್ದಾನೆಂದು ಕಥೋಲಿಕರೂ ಪ್ರಾಚ್ಯ ಸಭೆಗಳವರೂ ನಂಬುತ್ತಾರೆ. ಪ್ರಾಟೆಸ್ಟಂಟರಲ್ಲಿ ಈ ಕುರಿತು ಭಿನ್ನ ಅಭಿಪ್ರಾಯಗಳಿವೆ. ಹಲವು ಸಭೆಗಳಿಗೆ ಅದು ಮುಖ್ಯವಾಗಿ ಸ್ಮರಣೆಯ ಭೋಜನ. ಅವರ ಆರಾಧನೆಯಲ್ಲಿ ಸತ್ಯವೇದದ ಪ್ರಸಂಗಕ್ಕೂ ಸಭೆಯ ಹಾಡಿಗೂ ಹೆಚ್ಚಿನ ಸ್ಥಾನ.

ಆರಾಧನೆಗೆ ಒಂದು ನಿಬಂಧನೆಯೂ ಇದೆ. ಕಾಣಿಕೆ ಅರ್ಪಿಸಲು ಬಂದವನಿಗೆ ತನ್ನ ಮೇಲೆ ಸಹೋದರನಿಗೆ ದೂರಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಡನೆ ರಾಜಿಯಾಗಬೇಕೆಂಬುದು ಏಸುವಿನ ಉಪದೇಶ. ಬಲಿಪೂಜೆಯಲ್ಲಿ ಪ್ರಸಾದ ಸ್ವೀಕಾರಕ್ಕೆ ಮುನ್ನ ಅಕ್ಕಪಕ್ಕದವರು ಪರಸ್ಪರ ಶಾಂತಿ ಕೋರುವುದು ಈ ಉಪದೇಶವನ್ನು ನೆನಪಿಸುತ್ತದೆ.

ಜನರ ಕಾರ್ಯವಾದ ಮೇಲೆ ಅದು ಜನರಿಗೆ ತಿಳಿಯುವ ಮಾತಿನಲ್ಲಿ ನಡೆಯಬೇಡವೇ? ಕ್ರೈಸ್ತ ಚರಿತ್ರೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಏಸುವು ಆಡುತ್ತಿದ್ದುದು ಅರಮಾಯಿಕ್ ಭಾಷೆ. ಆದಿಸಭೆ ಗ್ರೀಕಿನಲ್ಲಿ ಪ್ರಾರ್ಥಿಸಿತು. ಪಶ್ಚಿಮದ ಸಭೆಯಲ್ಲಿ ಲ್ಯಾಟಿನ್ ನೆಲೆಯೂರಿತು. ಕ್ರಮೇಣ ಸಾಮಾನ್ಯರು ಲ್ಯಾಟಿನ್ ಮರೆತರು. ಪೂಜೆ ಮಾತ್ರ ಲ್ಯಾಟಿನ್ನಿನಲ್ಲೇ ಉಳಿಯಿತು. ಮಾರ್ಟಿನ್ ಲೂಥರ್ 1526ರಲ್ಲಿ ಜರ್ಮನ್ ಭಾಷೆಯ ಪೂಜಾಕ್ರಮವನ್ನು ಪ್ರಕಟಿಸಿದನು. 1549ರಲ್ಲಿ ಇಂಗ್ಲೆಂಡಿನ ಸಭೆಗೆ ಇಂಗ್ಲಿಷಿನ ಪ್ರಾರ್ಥನಾ ಗ್ರಂಥ ಬಂದಿತು. ಕಥೋಲಿಕ ಸಭೆಯಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪೂಜಾವಿಧಿಯ ಶಾಸನವನ್ನು ಹೊರಡಿಸಿ, ಜನಭಾಷೆಗಳಿಗೆ ಬಾಗಿಲು ತೆರೆಯಿತು. ಪೂಜೆಯಲ್ಲಿ ಜನರು ಪೂರ್ಣವಾಗಿ, ಅರಿವಿನಿಂದ ಪಾಲ್ಗೊಳ್ಳಬೇಕೆಂಬುದು ಅದರ ಆಶಯ. ಕೇರಳದ ಸಿರಿಯನ್ ಕ್ರೈಸ್ತರು ಪೂಜೆಗೆ ‘ಕುರ್ಬಾನ’ ಎನ್ನುತ್ತಾರೆ. ಅರ್ಪಣೆ ಎಂಬರ್ಥದ ಸಿರಿಯಾಕ್ ಪದ ಅದು. ಅವರಲ್ಲಿ ಸೀರೋ ಮಲಬಾರ್ ಸಭೆಯ ಕುರ್ಬಾನವೂ ಅದೇ ದಶಕದಲ್ಲಿ ಸಿರಿಯಾಕಿನಿಂದ ಮಲಯಾಳಕ್ಕೆ ಬಂದಿತು.

ಕನ್ನಡದಲ್ಲಿ ಈ ಕಾರ್ಯ ಇನ್ನೂ ಮೊದಲೇ ನಡೆದಿತ್ತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ವೇಳೆಗೆ ಸತ್ಯವೇದವು ಕನ್ನಡದಲ್ಲಿ ಸಿದ್ಧವಾಗಿತ್ತು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರ ಸಭೆಗಳಲ್ಲಿ ಜರ್ಮನ್ ರಾಗಗಳಿಗೆ ಕನ್ನಡದ ಮಾತುಗಳು ಕೂಡಿದವು. ನಿಘಂಟಿನಿಂದ ಹೆಸರಾದ ಕಿಟ್ಟೆಲ್ ಇನ್ನೊಂದು ದಾರಿಯನ್ನು ಹಿಡಿದು, ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತೆಯನ್ನು ಕನ್ನಡ ಕಾವ್ಯದ ಧಾಟಿಯಲ್ಲೇ ಹೇಳಿದನು. ಅದು 1862ರಲ್ಲಿ ಪ್ರಕಟವಾಯಿತು.

ಕಾಸರಗೋಡಿನ ಕಥೋಲಿಕರ ಸಂಗತಿ ಇನ್ನಷ್ಟು ಸ್ವಾರಸ್ಯದ್ದು. ಇವರಲ್ಲಿ ಬಹಳ ಮಂದಿಯ ಮನೆಮಾತು ಕೊಂಕಣಿ. ಇವರ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತಕ್ಕೆ ಸೇರಿವೆ. ಕುಂಬಳೆಯ ಸಮೀಪದ ಬೇಳದಲ್ಲಿ 1890ರಲ್ಲಿ ಕಟ್ಟಿದ, ಗೋಥಿಕ್ ಶೈಲಿಯ ಭವ್ಯ ದೇವಾಲಯವೂ ಅವುಗಳಲ್ಲೊಂದು. ಇವರು ಪ್ರಾರ್ಥಿಸುವ ಭಾಷೆ ಕೊಂಕಣಿಯಾದರೂ ಅದನ್ನು ಬರೆದಿರುವ ಅಕ್ಷರ ಕನ್ನಡ. ಪ್ರಾರ್ಥನೆ, ಕೀರ್ತನೆಗಳ ಪುಸ್ತಕಗಳು, 1938ರಿಂದ ಮಂಗಳೂರಿನಲ್ಲಿ ನಡೆದುಬಂದ ‘ರಾಕ್ಣೊ’ ವಾರಪತ್ರಿಕೆ, ಎಲ್ಲವೂ ಕನ್ನಡ ಲಿಪಿಯಲ್ಲಿ ಮುದ್ರಿತವಾದವು.

ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನು ನೋಡಿರಿ. ಮರಿಯಮ್ಮನವರ ಜನ್ಮದಿನವಾದ ಅಂದು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ತಂದು ಮಾತೆಗೆ ಅರ್ಪಿಸಿ ಹಾಡುತ್ತಾರೆ. ಅಂದಿನ ಊಟ ಸಸ್ಯಾಹಾರ. ಹೊಸ ಅಕ್ಕಿಯ ಕಾಳುಗಳನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ ಮನೆಯವರೆಲ್ಲ ಹಂಚಿಕೊಳ್ಳುತ್ತಾರೆ. ತೆನೆ ಕಟ್ಟಿ ಹೊಸ ಅಕ್ಕಿಯೂಟ ಮಾಡುವ ತುಳುನಾಡಿನ ಯಾವ ಮನೆಗೂ ಇದರ ಭಾವ ಬಿಡಿಸಿ ಹೇಳಬೇಕಾಗಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡ ಶಾಲೆಯ ಅಳಿವು ಉಳಿವನ್ನು ನಾವು ಉದ್ಯೋಗ, ಪಠ್ಯಪುಸ್ತಕ, ಹಕ್ಕುಗಳ ದೃಷ್ಟಿಯಿಂದಲೇ ಚರ್ಚಿಸುತ್ತ ಬಂದಿದ್ದೇವೆ. ಅದು ಯುಕ್ತವೇ. ಅದರೊಡನೆ ಇದನ್ನೂ ಎಣಿಸಬೇಕು: ಒಂದನೆಯ ತರಗತಿಯಲ್ಲಿ ‘ಅ ಆ ಇ ಈ’ ತಿದ್ದಿದ ಕೊಂಕಣಿ ಮಗುವಿಗೆ ಅಜ್ಜಿಯ ಪ್ರಾರ್ಥನಾ ಪುಸ್ತಕವನ್ನು ಬಿಚ್ಚಿ ಓದಲು ಬರುತ್ತದೆ. ಆ ಅಕ್ಷರ ಕಲಿಯದ ಮಗು ಬಾಯಿಪಾಠವನ್ನು ಒಪ್ಪಿಸಬಲ್ಲುದು. ಪುಸ್ತಕ ತೆರೆದಾಗ ಮಾತ್ರ ಅಪರಿಚಿತನಂತೆ ನಿಲ್ಲುತ್ತದೆ. ರೋಮನ್ ಲಿಪಿಯಲ್ಲಿ ಹೊಸದಾಗಿ ಅಚ್ಚು ಹಾಕಿಸಬಹುದು. ಹಳೆಯ ಪುಸ್ತಕಗಳ ಅಂಚಿನಲ್ಲಿ ಹಿರಿಯರು ಬರೆದಿಟ್ಟ ಹುಟ್ಟು ಸಾವುಗಳ ಟಿಪ್ಪಣಿಗಳನ್ನು ಯಾವ ಮುದ್ರಣಾಲಯವೂ ಮರಳಿ ಕೊಡಲಾರದು.

ಹಾಗಾಗಿ ಕನ್ನಡ ಮಾಧ್ಯಮದ ತರಗತಿಯೊಂದು ಉಳಿದರೆ ಕನ್ನಡ ಮನೆಮಾತಿನವರಿಗಷ್ಟೇ ಲಾಭವಲ್ಲ. ಬೇರೆ ಮಾತಿನ ನೆರೆಯವರು ತಮ್ಮ ದೇವರ ಮುಂದೆ ಅರಿತು ನಿಲ್ಲುವ ದಾರಿಯೂ ಅದರಿಂದ ಉಳಿಯುತ್ತದೆ. ಜೂನ್ ತಿಂಗಳಲ್ಲಿ ಮಗುವನ್ನು ಯಾವ ತರಗತಿಗೆ ಸೇರಿಸುವುದೆಂದು ಯೋಚಿಸುವ ಹೆತ್ತವರು ಈ ಮಾತನ್ನೂ ಮನಸ್ಸಿನಲ್ಲಿಟ್ಟುಕೊಳ್ಳಲಿ.