ಮಹಾನಗರವಾಗಬೇಕಿದ್ದ ಕರಾವಳಿ

ಕಾರವಾರದಿಂದ ಅಂಕೋಲೆಗೆ ಹೊರಟವರಿಗೆ ಹಟ್ಟಿಕೇರಿಯ ಟೋಲ್‌ಗೇಟ್ ತಪ್ಪಿದ್ದಲ್ಲ. ಗೋವಾದ ಲಾರಿ, ಮೀನಿನ ಗಾಡಿ, ಮಂಗಳೂರಿನ ಬಸ್ಸು, ಎಲ್ಲವೂ ಇಲ್ಲಿ ಸಾಲುಗಟ್ಟುತ್ತವೆ. ಉತ್ತರಕ್ಕೆ ನೌಕಾನೆಲೆ, ಹತ್ತಿರದಲ್ಲೇ ಬೇಲೆಕೇರಿ ಬಂದರು, ದಕ್ಷಿಣಕ್ಕೆ ಹೊಸ ಬಂದರಿನ ಯೋಜನೆ ಎದುರಿಸುತ್ತಿರುವ ಕೇಣಿ. ಈ ಸೀಮೆಗೆ ದೊಡ್ಡ ಭವಿಷ್ಯವಿದೆ ಎಂದು ಹೊರಗಿನವರು ಹೇಳತೊಡಗಿ ನೂರ ಅರವತ್ತು ವರ್ಷಗಳಾದವು.

ಆ ಮಾತು ಶುರುವಾದದ್ದು ಅಮೆರಿಕದ ಯುದ್ಧದಿಂದ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು, ದಕ್ಷಿಣದ ರಾಜ್ಯಗಳ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು, ಲ್ಯಾಂಕಶೈರಿನ ಗಿರಣಿಗಳು ಬಾಗಿಲು ಹಾಕತೊಡಗಿದವು. ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಧಾರವಾಡದ ಮೇಲೆ ಬಿತ್ತು. 1840ರ ದಶಕದಿಂದಲೇ ಅಲ್ಲಿನ ಎರೆಭೂಮಿಯಲ್ಲಿ ಅಮೆರಿಕದ ಹತ್ತಿ ಬೆಳೆಯುತ್ತಿತ್ತು. ಅದನ್ನು ಘಟ್ಟ ಇಳಿಸಿ ಕಾಳಿ ನದಿಯ ಬಾಯಲ್ಲಿರುವ ಸದಾಶಿವಗಡದಿಂದ ಹಡಗಿಗೆ ಹೇರಬೇಕೆಂದು ಮ್ಯಾಂಚೆಸ್ಟರ್ ಕಾಟನ್ ಕಂಪನಿ ಯಂತ್ರಗಳನ್ನೇ ಕಳುಹಿಸಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಬಂದರಿನ ಆಸೆ ಇತ್ತು.

ಯಂತ್ರಗಳು ಬಂದವು, ಘಟ್ಟದ ರಸ್ತೆ ಮಾತ್ರ ಸಿದ್ಧವಾಗಿರಲಿಲ್ಲ. 1865ರಲ್ಲಿ ಯುದ್ಧ ಮುಗಿಯಿತು, ಅಮೆರಿಕದ ಹತ್ತಿ ಮತ್ತೆ ಮಾರುಕಟ್ಟೆಗೆ ಬಂತು, ಇಲ್ಲಿನ ಬಂದರು ಯಾರಿಗೂ ಬೇಡವಾಯಿತು. ಮುಂದೆ ಹುಬ್ಬಳ್ಳಿಯ ಕಡೆಯಿಂದ ರೈಲು ಸಮುದ್ರಕ್ಕೆ ಇಳಿದದ್ದು ಪೋರ್ಚುಗೀಸರ ಗೋವಾದ ಮರ್ಮಗೋವಾದಲ್ಲಿ. 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ ಕಾಡಿನ ಪ್ರಶ್ನೆಯಲ್ಲಿ ದಶಕಗಟ್ಟಲೆ ಸಿಲುಕಿತು. 2011ರ ಜನಗಣತಿಯಲ್ಲೂ ಕಾರವಾರ ನಗರದ ಜನಸಂಖ್ಯೆ 80 ಸಾವಿರ ಮುಟ್ಟಿರಲಿಲ್ಲ.

ಹಾಗೆಂದು ಈ ನಾಡಿನ ಸಾರ್ವಜನಿಕ ಬದುಕು ಸಣ್ಣದಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲತೀರದಲ್ಲಿ ಎಂ. ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ಜನ ಉಪ್ಪಿನ ಕಾಯ್ದೆ ಮುರಿದರು. ಆಮೇಲಿನ ಕರನಿರಾಕರಣೆಯಲ್ಲಿ ರೈತರು ಸರ್ಕಾರಕ್ಕೆ ತೀರ್ವೆ ಕಟ್ಟಲಿಲ್ಲ. ಜಮೀನು ಜಪ್ತಿಯಾದವು, ಲಿಲಾವಾದವು, ಮನೆಯ ಪಾತ್ರೆಪಗಡಗಳೂ ಹೋದವು. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಸರ್ಕಾರ ಬಂದ ನಂತರವೇ ಕಳೆದುಕೊಂಡ ಭೂಮಿ ಹಿಂದಿರುಗುವ ದಾರಿ ತೆರೆಯಿತು. ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯ ನೆನಪಿನಲ್ಲಿ ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದದ್ದು ಹೀಗೆ. ದೊಡ್ಡ ಕಾರ್ಖಾನೆಯಿಲ್ಲದ ಊರೊಂದು ನಾಗರಿಕತನದಲ್ಲಿ ಮಹಾನಗರಗಳಿಗಿಂತ ಮುಂದಿತ್ತು.

ಅದೇ ನೆಲ ಸ್ವತಂತ್ರ ದೇಶಕ್ಕಾಗಿ ಮತ್ತೊಮ್ಮೆ ಜಾಗ ಬಿಟ್ಟುಕೊಟ್ಟಿತು. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. 2005ರ ಮೇ 31ರಂದು ಆ ನೆಲೆ, ಐಎನ್‌ಎಸ್ ಕದಂಬ, ಕಾರ್ಯಾರಂಭ ಮಾಡಿತು. ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ ಬಿಟ್ಟು ಎದ್ದವು. ದೇಶದ ರಕ್ಷಣೆಗೆ ನೆಲ ಕೊಡಲು ಹಿಂಜರಿಯದವರು ನ್ಯಾಯವಾದ ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಕಚೇರಿ ಅಲೆದರು. ಪುನರ್ವಸತಿ ಕಾಲೊನಿಯಲ್ಲಿ ಮನೆ ಸಿಗಬಹುದು. ದೋಣಿ ಎಳೆದಿಡಲು ಮನೆಯೆದುರಿನ ದಂಡೆ ಸಿಗುವುದಿಲ್ಲ.

ಈಗ ಸರದಿ ಕೇಣಿಯದು. ಸುಮಾರು 4,119 ಕೋಟಿ ರೂಪಾಯಿಯ ಬಂದರಿನ ಹೊಣೆ 2023ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆಗೆ ಸಿಕ್ಕಿತು. ಮೀನುಗಾರರು ಬೀದಿಗಿಳಿದರು. ಅವರ ಆತಂಕ ಅರ್ಥವಾಗಬೇಕಾದರೆ ಇಲ್ಲಿನ ರಂಪಣಿಯನ್ನು ನೋಡಬೇಕು. ದೋಣಿಯಲ್ಲಿ ಹೋಗಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬರುತ್ತಾರೆ. ದಡದಲ್ಲಿ ಎರಡೂ ತುದಿಗೆ ಹತ್ತಾರು ಜನ ನಿಂತು ಹಗ್ಗ ಎಳೆಯುತ್ತಾರೆ, ಬಂದ ಮೀನನ್ನು ಪಾಲು ಹಾಕಿಕೊಳ್ಳುತ್ತಾರೆ. ಹೆಂಗಸರು ಮರಳಿನ ಮೇಲೆ ಮೀನು ಒಣಗಿಸುತ್ತಾರೆ. ಇದೆಲ್ಲಕ್ಕೂ ಬೇಕಾದದ್ದು ತೆರೆದ ದಂಡೆ. ಪಕ್ಕದ ಬೇಲೆಕೇರಿಯಲ್ಲಿ 2010ರಲ್ಲಿ ಜಪ್ತಿಯಾದ ಅದಿರು ಬಂದರಿನಿಂದಲೇ ಮಾಯವಾದ ಹಗರಣವೂ ಜನರ ನೆನಪಿನಿಂದ ಮಾಸಿಲ್ಲ.

ಬಂದರು ಬಂದರೆ ಊರು ಬೆಳೆಯುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಕೆಲಸಕ್ಕಾಗಿ ಗೋವಾ, ಮುಂಬಯಿಗೆ ಹೋಗುವ ಹುಡುಗರಿಗೆ ಊರಲ್ಲೇ ಉದ್ಯೋಗ ಬೇಕು. ಆದರೆ ಒಂದೇ ಉದ್ಯಮವನ್ನು ನೆಚ್ಚಿದ ನಗರದ ಗತಿಯನ್ನು ಡೆಟ್ರಾಯ್ಟ್ ತೋರಿಸಿದೆ. 1950ರಲ್ಲಿ 18 ಲಕ್ಷ ಜನರಿದ್ದ ಆ ಕಾರುಗಳ ರಾಜಧಾನಿ 2013ರಲ್ಲಿ ದಿವಾಳಿ ಘೋಷಿಸಿಕೊಂಡಾಗ ಅಲ್ಲಿ 7 ಲಕ್ಷ ಜನರೂ ಉಳಿದಿರಲಿಲ್ಲ.

ಆದ್ದರಿಂದ ಯೋಜನೆ ಬೇಕೋ ಬೇಡವೋ ಎನ್ನುವ ಮೊದಲು ಅದನ್ನು ಓದುವ ಹಕ್ಕು ಊರಿಗೆ ಬೇಕು. 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಮುನ್ನ ರಾಜ್ಯಭಾಷೆಯಲ್ಲಿ ಕೊಡಬೇಕಾದದ್ದು ಪರಿಸರ ಪರಿಣಾಮ ವರದಿಯ ಸಾರಾಂಶ ಮಾತ್ರ; ಪೂರ್ಣ ವರದಿ ಇಂಗ್ಲಿಷಿನಲ್ಲಿದ್ದರೆ ಸಾಕು. ಬದುಕು ಪಣಕ್ಕಿಟ್ಟವರಿಗೆ ಸಾರಾಂಶ ಸಾಲದು. ಇಡೀ ವರದಿ ಕನ್ನಡದಲ್ಲಿ ಬರಲಿ, ಗ್ರಾಮಸಭೆ, ವಾರ್ಡ್‌ಸಭೆಗಳಲ್ಲಿ ಪುಟಪುಟವಾಗಿ ಚರ್ಚೆಯಾಗಲಿ, ಪರಿಹಾರ ಮತ್ತು ಉದ್ಯೋಗದ ಭರವಸೆ ಮೊದಲೇ ಲಿಖಿತವಾಗಿ ದಾಖಲಾಗಲಿ. ಉಪ್ಪಿಗಾಗಿ ಸಾಮ್ರಾಜ್ಯವನ್ನೇ ಪ್ರಶ್ನಿಸಿದ ಜನರಿಗೆ ತಮ್ಮ ದಂಡೆಯ ಬಗ್ಗೆ ಕೊನೆಯ ಮಾತು ಹೇಳುವ ಯೋಗ್ಯತೆ ಖಂಡಿತ ಇದೆ.